ಅಂಚು ಕಂಡ ಆಟ

ಮೊನ್ನೆ ಮೊಮ್ಮಗಳ ಹೊಸ ಬೂಟಿನ ಡಬ್ಬಿ ತೆರೆದಾಗ ಬಂದ ಚರ್ಮದ ವಾಸನೆಗೆ ನನ್ನ ಕೈ ಅಲ್ಲೇ ನಿಂತಿತು. ಅವಳನ್ನು ಶಾಲೆಯ ಫುಟ್‌ಬಾಲ್ ತಂಡಕ್ಕೆ ಆರಿಸಿದ್ದಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು; ಈ ಸಂತೋಷವನ್ನು ಬರೆಯಲು ಸರಿಯಾಗಿ ಬರುವುದಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹೇಳಿ ಬಾಯಿ ಸೋತಿದೆ. ಅವಳು ತೊಡುವ ಬನಿಯನ್ನಿನ ಬೆನ್ನ ಮೇಲೆ ಸ್ಪೇನ್ ದೇಶದ ಯಾರೋ ಫಾರ್ವರ್ಡ್ ಆಟಗಾರನ ಹೆಸರಿದೆ. ಅವನು ಆಟ ಬಿಟ್ಟು ಎಷ್ಟೋ ವರ್ಷವಾಯಿತಂತೆ. "ಆದ್ರೂ ಎಲ್ರಿಗೂ ಅವ್ನೇ ಬೇಕಜ್ಜಿ" ಅನ್ನುತ್ತಾಳೆ. ಆಗೆಲ್ಲ ನನಗೆ ಪಕ್ಕದ ಮನೆಯ ಅಣ್ಣ ನೆನಪಾಗುತ್ತಾರೆ...

ಐವತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಯಶವಂತಪುರದ ವಠಾರಕ್ಕೆ ಬಂದೆ. ಅಣ್ಣ ಮಿಲ್ಲಿನ ತಂಡದ ಫಾರ್ವರ್ಡ್. ಆಡುತ್ತಿದ್ದದ್ದು ಬರಿಗಾಲಲ್ಲಿ. ಪಾದಕ್ಕೆ ಹಳೇ ಸೀರೆಯ ಪಟ್ಟಿ ಬಿಗಿದು ಸುತ್ತಿ, ಬೆರಳು ಮಾತ್ರ ಹೊರಗೆ ಬಿಡುತ್ತಿದ್ದರು. ಗಂಟು ಹಾಕುವುದನ್ನು ನನಗೂ ಹೇಳಿಕೊಟ್ಟಿದ್ದರು. ವಠಾರದ ಹೆಂಗಸರು ಸವೆದ ಸೀರೆಯನ್ನು ಅವರಿಗೆಂದೇ ಎತ್ತಿಡುತ್ತಿದ್ದರು. ಆಟದ ದಿನ ಮೈದಾನದ ಗೋಡೆ ಪಕ್ಕ ನಿಂತು, ಯಾರ ಸೀರೆಯ ಅಂಚು ಓಡುತ್ತಿದೆ ಎಂದು ನೋಡುತ್ತಿದ್ದೆವು.

"ಇವತ್ತು ಗೋಲ್ ಹೊಡೆದಿದ್ದು ನನ್ ಸೀರೆ ಕಣೇ," ಎಂದು ನಮ್ಮತ್ತೆ ಬೀಗಿದರೆ, ಅಣ್ಣನ ಹೆಂಡತಿ ಸುಮ್ಮನಿರುತ್ತಿರಲಿಲ್ಲ. "ಗೋಡೆ ದಾಟಿ ಹೋಯ್ತಲ್ಲ ಒಂದು, ಅದೂ ನಿಮ್ ಸೀರೆನೇ ದೊಡ್ಡಮ್ಮ."

ಗೆದ್ದ ದಿನ ಜನ ಅವರನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಟೀ ಅಂಗಡಿಯವನು ಅವರ ದುಡ್ಡು ಮುಟ್ಟುತ್ತಿರಲಿಲ್ಲ. ಹೆಬ್ಬಾಳ, ನಾಗಸಂದ್ರದಿಂದಲೂ ನಡೆದು ಬಂದು ನೋಡುವವರಿದ್ದರು.

ಆಮೇಲೆ ಬೂಟು ಹಾಕದವರು ಪಂದ್ಯಕ್ಕೆ ಇಳಿಯುವ ಹಾಗಿಲ್ಲ ಎಂದಾಯಿತು. ಮಿಲ್ಲಿನವರು ಒಂದು ಜೊತೆ ಕೊಟ್ಟರು. ಅಂಗಳದಲ್ಲಿ ಹಾಕಿಕೊಂಡು ಓಡಿದ ಅಣ್ಣ ಎಡವಿ ಬಿದ್ದರು. ಮುಂದಿನ ಪಂದ್ಯದಲ್ಲಿ ಆಡದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದು ಆಗಲೇ ಹೇಳಿದ್ದರು.

"ನೆಲ ಸಿಗ್ತಿಲ್ಲ ಕಣಮ್ಮ," ಎಂದರು ನನಗೆ. "ಬೆರಳು ಊರಿದ್ರೆ ತಾನೇ ತಿರುಗೋಕಾಗೋದು."

ಕೊನೆಗೆ ಬೂಟಿನ ತಳವನ್ನೇ ಕೊಯ್ದು ತೆಗೆದರು. ಮೇಲಿಂದ ನೋಡಿದರೆ ಬೂಟು, ಕೆಳಗೆ ಸೀರೆ ಸುತ್ತಿದ ಪಾದ. ಪಂದ್ಯದ ದಿನ ಎಂಥ ಓಟ... ಇಬ್ಬರನ್ನು ದಾಟಿ ಗೋಲು ಹೊಡೆದೇಬಿಟ್ಟರು. ಹೊಡೆದ ರಭಸಕ್ಕೆ ಅಂಗಾತ ಬಿದ್ದರು. ಕಾಲೆರಡೂ ಮೇಲಾದವು. ತಳವಿಲ್ಲದ ಬೂಟಿನೊಳಗೆ ನಮ್ಮತ್ತೆಯ ಸೀರೆಯ ಹಸಿರು ಅಂಚು ಎಲ್ಲರಿಗೂ ಕಂಡಿತು.

ರೆಫ್ರಿ ಹೊರಗೆ ಕಳಿಸಿದರು. ಆ ಗೋಲನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಗಲ ಮೇಲೆ ಹೊತ್ತಿದ್ದ ಜನವೇ ನಕ್ಕರು. "ನಾಳೆ ಸೀರೆ ಉಟ್ಕೊಂಡೇ ಬಾ ಗುರು," ಎಂದು ಯಾರೋ ಕೂಗಿದರು.

ಅಣ್ಣ ಮತ್ತೆ ಆಡಲಿಲ್ಲ. ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತರು. ಟೀ ಅಂಗಡಿಯ ದಾರಿ ಬಿಟ್ಟು ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ನಮ್ಮತ್ತೆ ಸವೆದ ಸೀರೆ ಎತ್ತಿಡುವುದನ್ನು ಬಿಡಲಿಲ್ಲ; ಕೇಳಿಕೊಂಡು ಯಾರೂ ಬರಲಿಲ್ಲ. ಕೆಲವು ವರ್ಷಕ್ಕೆ ಅಣ್ಣ ಚಿಕ್ಕಜಾಲದ ಕಡೆ ಮನೆ ಮಾಡಿಕೊಂಡು ಹೋದರು. ತೀರಿಹೋದ ಸುದ್ದಿಯೂ ನಮಗೆ ತಡವಾಗಿ ತಿಳಿಯಿತು...

ನಿನ್ನೆ ಮೊಮ್ಮಗಳು ಆಡಿ ಬಂದು ಹಿಮ್ಮಡಿ ತೋರಿಸಿದಳು. ಬೂಟು ಕಚ್ಚಿತ್ತು. ಇವತ್ತು ಆಟಕ್ಕೆ ಹೊರಡುವಾಗ ನನ್ನ ಹಳೇ ಸೀರೆ ಹರಿದು, ಬೆರಳು ಬಿಟ್ಟು, ಅಣ್ಣ ಸುತ್ತುತ್ತಿದ್ದ ಹಾಗೆಯೇ ಸುತ್ತಿದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಗಂಟನ್ನು ಮಾತ್ರ ಕೈ ಮರೆತಿರಲಿಲ್ಲ.

"ಯಾರಜ್ಜಿ ಹೇಳ್ಕೊಟ್ಟಿದ್ದು?"

"ಒಬ್ರು ಫಾರ್ವರ್ಡು."

"ಫೇಮಸ್ಸಾ?"

"ಹೂಂ ಮಗಳೇ... ನಮ್ ವಠಾರಕ್ಕೆ."

ಅವಳು ಕಾಲುಚೀಲ ಮೇಲೆಳೆದುಕೊಂಡಳು. ಸೀರೆಯ ಅಂಚು ಒಳಗೆ ಮರೆಯಾಯಿತು. ಈ ಸಲ ಅವಳು ಬಿದ್ದರೂ ಅದು ಯಾರಿಗೂ ಕಾಣುವುದಿಲ್ಲ.