ವಂದನಾರ್ಪಣೆಗೆ ಮಾತ್ರ ಕರೆದ ಹುಡುಗಿ

ಹೋದ ಭಾನುವಾರ ದಂಡಿನಶಿವರದ ಸಭೆಯೊಂದರಲ್ಲಿ ನಾನು ಮೂವತ್ತೈದು ನಿಮಿಷ ಭಾಷಣ ಮಾಡಿದೆ. ಒಪ್ಪಿಕೊಂಡಿದ್ದು ಹತ್ತು ನಿಮಿಷ. (ಪತ್ರಿಕೆಯಲ್ಲಿ ಬೇರೆಯವರ ವರದಿಗಳನ್ನು ಅರ್ಧಕ್ಕೆ ಕತ್ತರಿಸುವುದು ನನ್ನ ಉದ್ಯೋಗ.)

ತೆಂಗಿನ ಮರದಿಂದ ಬಿದ್ದವರಿಗೆ ನೆರವಾಗುವ ಪುಟ್ಟ ಟ್ರಸ್ಟ್ ಅದು. ಮರ ಹತ್ತುವವರಿಗೆಂದು ತಂದ ಸೇಫ್ಟಿ ಬೆಲ್ಟುಗಳು ಅವರ ಕೋಣೆಯಲ್ಲೇ ಬಿದ್ದಿವೆ. ಯಾರೂ ಒಯ್ಯುತ್ತಿಲ್ಲ. ತೋಟದವರನ್ನು ಒಪ್ಪಿಸಲೆಂದೇ ಸಭೆ ಕರೆದಿದ್ದರು.

ವೇದಿಕೆಯ ಮೂಲೆಯಲ್ಲಿ ಸಿಂಚನಾ ನಿಂತಿದ್ದಳು. ಪ್ರಥಮ ಪಿಯುಸಿ. ಎರಡು ವರ್ಷದ ಹಿಂದೆ ಕಾಯಿ ಕೀಳುವಾಗ ಬಿದ್ದ ಅವಳ ಅಪ್ಪ ಇನ್ನೂ ಎದ್ದು ನಡೆದಿಲ್ಲ. ಚಿಕ್ಕಪ್ಪ ಈಗಲೂ ಮರ ಹತ್ತುತ್ತಾರೆ, ಬೆಲ್ಟಿಲ್ಲದೆ. ಮರುದಿನ ಬೆಳಿಗ್ಗೆಯೂ ಅವರು ಹತ್ತಲಿದ್ದರು. ಆ ಸಭೆಯಲ್ಲಿ ಮಾತಾಡಲೇಬೇಕಾದವರು ಯಾರಾದರೂ ಇದ್ದರೆ ಅವಳೇ. ಅವಳಿಗೆ ಕೊಟ್ಟ ಕೆಲಸ ವಂದನಾರ್ಪಣೆ.

ನೀವೂ ನೋಡಿರುತ್ತೀರಿ. ನಮ್ಮ ಪ್ರೋಗ್ರಾಂಗಳಲ್ಲಿ ಮಕ್ಕಳಿಗೆ ಸಿಗುವುದು ಎರಡೇ: ಆರಂಭದ ಪ್ರಾರ್ಥನೆ, ಕೊನೆಯ ವಂದನಾರ್ಪಣೆ. ನಡುವಿನದೆಲ್ಲ ದೊಡ್ಡವರ ಪಾಲು. ಮಕ್ಕಳು ಮಾತು ಕಲಿಯಲಿ ಎನ್ನುತ್ತೇವೆ. ಏನು ಕಲಿಯಬೇಕು, ಹಾರ ಹಾಕಿಸಿಕೊಂಡವರ ಹೆಸರುಗಳನ್ನೇ?

ನನ್ನ ಮಾತು ಮುಗಿಯುವಷ್ಟರಲ್ಲಿ ಸಾರಿನ ವಾಸನೆ ಸಭೆಗೆ ಬಂದಿತ್ತು. ಟ್ರಸ್ಟಿನ ಕಾರ್ಯದರ್ಶಿ ಅವಳ ಕೈಗೆ ಮೈಕ್ ಕೊಡುತ್ತಾ, "ಬೇಗ ಮುಗಿಸ್ಬುಡಮ್ಮ, ಜನ ಊಟಕ್ಕೆ ಎದ್ದವ್ರೆ" ಎಂದರು.

ಅವಳು ಚೀಟಿಯಲ್ಲಿದ್ದ ಹೆಸರುಗಳನ್ನೆಲ್ಲ ಓದಿದಳು. ಒಂದನ್ನೂ ಬಿಡಲಿಲ್ಲ. ಆಮೇಲೆ ಮೈಕನ್ನೂ ಬಿಡಲಿಲ್ಲ.

"ಶಂಕರಪ್ಪ ತಾತ, ಒಂದ್ನಿಮಿಷ ಕುಂತ್ಕಳಿ."

ದೊಡ್ಡ ತೋಟದ ಶಂಕರಪ್ಪನವರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ತಿರುಗಿ ನೋಡಿದರು.

"ನಾಳೆ ನಿಮ್ ತೋಟಕ್ಕೆ ನಮ್ ಚಿಕ್ಕಪ್ಪ ಬತ್ತಾರೆ. ಬೆಲ್ಟ್ ಕಟ್ಕಂಡ್ರೆ ಮಾತ್ರ ಹತ್ತು ಅಂತ ಒಂದ್ಮಾತು ಹೇಳಿ. ನಾವ್ ಹೇಳಿದ್ರೆ ನಗ್ತಾರೆ. ತೋಟದವ್ರು ಹೇಳಿದ್ರೆ ಕೇಳ್ತಾರೆ."

"ನಿಧಾನ ಆಯ್ತದೆ ಕಣಮ್ಮ. ಎರಡು ದಿನದ್ ಕೆಲ್ಸ ಮೂರು ದಿನ ಹಿಡಿತದೆ."

"ಹಿಡೀಲಿ ಬುಡಿ ತಾತ. ನಮ್ಮಪ್ಪ ಮಲಗಿ ಎರಡು ವರ್ಷ ಆಯ್ತು."

ಎದ್ದವರು ಅಲ್ಲೇ ನಿಂತರು. ಹಿಂದಿನ ಸಾಲಿನಿಂದ ಯಾರೋ ಕೆಣಕಿದರು: "ಏನ್ಲಾ ಶಂಕರ, ಸೊಸೈಟಿ ಮೀಟಿಂಗಲ್ಲಿ ಅಷ್ಟ್ ಮಾತಾಡ್ತೀಯ, ಈಗೇನಾಯ್ತು?"

"ಸುಮ್ಕಿರಲಾ" ಎಂದು ಅತ್ತ ಗದರಿ, ಶಂಕರಪ್ಪ ಹುಡುಗಿಯತ್ತ ತಿರುಗಿದರು. "ಬೆಲ್ಟ್ ತಗಂಡೇ ಬರಕ್ಕೇಳಮ್ಮ. ಇಲ್ದಿದ್ರೆ ಹತ್ತಿಸಲ್ಲ."

ಎರಡು ನಿಮಿಷವೂ ಆಗಿರಲಿಲ್ಲ.

ಒಳ್ಳೆಯ ಕೆಲಸಕ್ಕಾಗಿ ಮಾತಾಡಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ನನ್ನಲ್ಲಿ ಟಿಪ್ಸ್ ಕೇಳುತ್ತಾರೆ. ಸಿಂಚನಾ ಮಾಡಿದ್ದನ್ನೇ ಮಾಡಿ. ಅವಳು ಕೇಳಿದ್ದು ಒಂದೇ ಕೆಲಸ. ಕೇಳಿದ್ದು ಅದನ್ನು ಮಾಡಬಲ್ಲವರನ್ನು, ಹೆಸರು ಹಿಡಿದು. ಅಪ್ಪನ ಬಗ್ಗೆ ಒಂದು ಸಾಲು ಹೇಳಿದಳು, ಕನಿಕರ ಬೇಡಲಿಲ್ಲ. ವೇದಿಕೆ ಸಿಗದಿದ್ದರೆ ಡೈರಿಯ ಮುಂದೆ ಹಾಲು ಹಾಕುವವರ ಕ್ಯೂ ಇದೆ, ಅಲ್ಲಿ ಮಾತಾಡಿ. ಊರಿನ ಟ್ರಸ್ಟಿಗೆ ಹೋಗಿ ಎರಡು ನಿಮಿಷ ಕೊಡಿ ಎನ್ನಿ. ಕೊಡದಿದ್ದರೆ ಮತ್ತೆ ಹೋಗಿ. ಟ್ರಸ್ಟ್ ನಡೆಸುವವರೇ, ಮಕ್ಕಳನ್ನು ಮೊದಲು ಮಾತಾಡಿಸಿ. ಅತಿಥಿಗಳು ಕಾಯಲಿ. (ನನ್ನನ್ನೂ ಸೇರಿಸಿ.)

ಸೋಮವಾರ ತೋಟಕ್ಕೆ ಹೋಗಿ ಕಣ್ಣಾರೆ ನೋಡಿದೆ. ಚಿಕ್ಕಪ್ಪ ಬೆಲ್ಟ್ ಬಿಗಿದುಕೊಳ್ಳುತ್ತಾ ಗೊಣಗಿದರು: "ಊರ್ ಮುಂದೆ ಮಾನ ತೆಗೆದ್ಬುಟ್ಳು ಕಣ್ರೀ." ಗೊಣಗುತ್ತಲೇ ಹತ್ತಿದರು. ಗೊಣಗುತ್ತಲೇ ಕ್ಷೇಮವಾಗಿ ಇಳಿದರು.

ಮುಂದಿನ ವಾರ ಅವರಿಗೆ ಬೇರೆ ತೋಟದಲ್ಲಿ ಕೆಲಸವಿದೆ. ಅದು ನಿಮ್ಮದೇ ತೋಟವಾಗಿದ್ದರೆ, ಏನು ಹೇಳುತ್ತೀರಿ?