ಚಪ್ಪಾಳೆ ಬೀಳದ ಹಾಡು, ಮಾಳಪ್ಪ ಮುತ್ಯಾನ ಕುರಿ

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಒಂದು ಹಾಡಿಗೆ ಹೀಗಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಒಂಬತ್ತು ಹಾಡಿಗೂ ಹೀಗೇ ಆಯಿತು. ಹೋದ ಶುಕ್ರವಾರ ಸಂಜೆ ಮರಾಠಿ ಸೀಮೆಯ ಗಡಿಯೂರು ಉಮರ್ಗಾದ ಸಭಾಗೃಹವೊಂದರಲ್ಲಿ ನನ್ನ ತಂಗಿಯ ಮಗಳು ಗಿಟಾರು ಹಿಡಿದು, ತಾನೇ ಬರೆದು ತಾನೇ ರಾಗ ಕಟ್ಟಿದ ಹಾಡುಗಳನ್ನು ಹಾಡಿದಳು. ಎದುರಿಗೆ ಎಂಬತ್ತು ಮಂದಿ. ಒಬ್ಬರೂ ಎದ್ದು ಹೋಗಲಿಲ್ಲ, ಒಬ್ಬರೂ ಕೆಮ್ಮಲಿಲ್ಲ, ಒಬ್ಬರ ಮೊಬೈಲೂ ಒದರಲಿಲ್ಲ (ಉಮರ್ಗಾದ ಮಟ್ಟಿಗೆ ಇದು ಶಿಲಾಶಾಸನ ಬರೆಸಬೇಕಾದ ಸಂಗತಿ). ಪ್ರತಿ ಹಾಡು ನಿಂತಾಗಲೂ ಎಲ್ಲರೂ ತುಸು ಮುಂದಕ್ಕೆ ಬಾಗಿ ಅವಳ ಬಾಯನ್ನೇ ನೋಡುತ್ತಿದ್ದರು. ಸ್ಟ್ಯಾಂಡಿಗೆ ಬಂದು ನಿಂತ ಬೋರ್ಡಿಲ್ಲದ ಬಸ್ಸನ್ನು ನೋಡುತ್ತಾರಲ್ಲ, ಹಾಗೆ.

ಕೊನೆಗೆ ಅವಳು ಕೈಮುಗಿದಳು. ಅವರೂ ಕೈಮುಗಿದರು. ಮತ್ತೆ ಕೂತೇ ಇದ್ದರು. ವಾಚಮನ್ ಬಂದು ಫ್ಯಾನು ಆಫ್ ಮಾಡಿದ ಮೇಲೆಯೇ ಎದ್ದದ್ದು.

"ಮಾಮಾ, ಬೈದಿದ್ರ ಸುದಾ ನಡೀತಿತ್ತು," ಅಂದಳು, ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತ. "ಬೈಲಿಕ್ಕರೆ ಮಂದಿಗಿ ಏನರೆ ಅನಸಬೇಕಲ್ಲ?"

ಇಂಥ ಪ್ರಶ್ನೆ ಬಂದಾಗ ನಾನು ಚಹಾ ತರಿಸುತ್ತೇನೆ. ತರಿಸಿದೆ.

ಈ ಹುಡುಗಿಯ ಪರಿಚಯ ಹೇಳಬೇಕು. ಹುಟ್ಟೂರು ಮಾಕಣಿಯ ಮನೆಯಲ್ಲಿ ಇವಳು ದಾನವ್ವ, ಅಜ್ಜಿಯ ಹೆಸರು. ಶಾಲೆಯ ರಜಿಸ್ಟರಿನಲ್ಲಿ ದಾನೇಶ್ವರಿ. ಪುಣೆಗೆ ಹೋದ ಮೇಲೆ ಡ್ಯಾನಿ. ಪೋಸ್ಟರಿನ ಮೇಲೂ ಡ್ಯಾನಿ. ನಾನು ಮರೆತು ನಾಲ್ಕು ಜನರೆದುರು ದಾನವ್ವ ಅಂದರೆ ಮೂಗು ಕೆಂಪಾಗುತ್ತದೆ.

ಅವಳು ಮಾಡುವುದಕ್ಕೆ ಇಂಡೀ ರಾಕ್ ಅನ್ನುತ್ತಾರಂತೆ. ಅಂದರೆ ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಬರೆದು, ತಾನೇ ಹಾಡಿ, ತಾನೇ ರೆಕಾರ್ಡ್ ಮಾಡಿ, ತಾನೇ ಊರೂರು ತಿರುಗುವುದು. (ನಮ್ಮ ಕಾಲದಲ್ಲಿ ಹೀಗೆ ತಿರುಗುವವರಿಗೆ ಜಂಗಮರು ಅನ್ನುತ್ತಿದ್ದೆವು. ಅವರಿಗೆ ಜೋಳಿಗೆಯಾದರೂ ಇರುತ್ತಿತ್ತು.)

ಅವಳ ಮೊದಲ ಆಲ್ಬಮ್ ಇಂಗ್ಲಿಷಿನಲ್ಲಿತ್ತು. ಗಿಟಾರಿನ ಸದ್ದು ನಮ್ಮೂರ ಹಿಟ್ಟಿನ ಗಿರಣಿಗೆ ಕಲ್ಲು ಸಿಕ್ಕಂತಿತ್ತು. ಇಡೀ ಆಲ್ಬಮ್‌ನಲ್ಲಿ ನನಗೆ ತಿಳಿದ ಶಬ್ದ 'ನೋ' ಒಂದೇ. ಎರಡನೆಯದು ಮರಾಠಿಯಲ್ಲಿ. ಗಿರಣಿ ನಿಂತಿತು, ಕೀಬೋರ್ಡು ಬಂತು, ಎಲ್ಲ ಹಾಡಿನಲ್ಲೂ ಯಾರೋ ಯಾರನ್ನೋ ಬಿಟ್ಟು ಹೋಗುತ್ತಿದ್ದರು. ಮೂರನೆಯದು ಈಗಿನದು. ಅವ್ವನ ಜೊತೆ ಜಗಳಾಡುವ ಭಾಷೆಯಲ್ಲಿ ಬರೆದದ್ದು. ಒಂದೇ ಗಿಟಾರು, ಮೆಲ್ಲಗೆ ಒಂದು ಡ್ರಮ್ಮು, ನಡುನಡುವೆ ಬೇಕಾದಷ್ಟು ಖಾಲಿ ಜಾಗ. ಸದ್ದು ಕಡಿಮೆ ಮಾಡುತ್ತ ಮಾಡುತ್ತ ಅವಳು ಮನೆಯ ಹೊಸ್ತಿಲ ತನಕ ಬಂದಿದ್ದಳು.

ಒಳಗೆ ಕರೆಯುವವರು ಬೇಕಿತ್ತು. ಅದಕ್ಕೇ ಈ ಟೂರು. ಶುಕ್ರವಾರ ಉಮರ್ಗಾ, ಶನಿವಾರ ನಿಲಂಗಾ, ಭಾನುವಾರ ಉದಗೀರ. ಆದರೆ ಸೊಲ್ಲಾಪುರದ ಲಗ್ನದ ಆರ್ಕೆಸ್ಟ್ರಾವೊಂದು ಅವಳನ್ನು ಕರೆದಿತ್ತು. ಪಕ್ಕಾ ಪಗಾರ, ಮಂದಿ ಕೇಳಿದ ಸಿನೆಮಾ ಹಾಡು ಹಾಡಬೇಕು, ಸ್ವಂತದ್ದು ಒಂದೂ ನಡೆಯದು. ಭಾನುವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ನಮ್ಮ ಊರಿನ ಮಂದಿಯೇ ನಮ್ಮ ಮಾತಿನ ಹಾಡು ಕೇಳದಿದ್ದರೆ ಯಾರಿಗಾಗಿ ಬರೆಯಲಿ, ಹೂಂ ಅಂದುಬಿಡುತ್ತೇನೆ ಎಂದು ಹೊರಡುವ ಮೊದಲೇ ನನಗೆ ಹೇಳಿದ್ದಳು.

ಈ ಟೂರಿನಲ್ಲಿ ನನ್ನ ಹುದ್ದೆ ಮ್ಯಾನೇಜರ್. ನೇಮಕಾತಿಗೆ ಕಾರಣ ನನ್ನ ಸಂಗೀತಜ್ಞಾನವಲ್ಲ, ನನ್ನ ಜೀಪು. ಮೂವತ್ತು ವರ್ಷ ಭೂಮಾಪಕನಾಗಿ ಈ ಸೀಮೆಯ ಹೊಲಗಳ ಹದ್ದು ಅಳೆದವನು ನಾನು; ದಾರಿಗಳು ಗೊತ್ತು. ಆದರೂ ಓಡಿಸಿದವನು ಸಮೀರ, ಅವಳ ಡ್ರಮ್ಮರ್, ಪುಣೆಯ ಹುಡುಗ. ಮುಂದಿನ ಸೀಟು ಗಿಟಾರಿಗೆ ಮೀಸಲು. ಅದಕ್ಕೆ ಬೆಲ್ಟು ಕೂಡ ಕಟ್ಟಿದ್ದರು. ಹಿಂದೆ ಡ್ರಮ್ಮುಗಳ ನಡುವೆ ಅವಳು ಮತ್ತು ನಾನು. ಪ್ರತಿ ತಗ್ಗಿಗೂ ಸ್ಟ್ಯಾಂಡಿನ ಮೊನೆ ನನ್ನ ಪಕ್ಕೆಲುಬಿನ ಹದ್ದು ಅಳೆಯುತ್ತಿತ್ತು. ಕಲಾವಿದರ ಬದುಕು ಅಂದರೆ ದೀಪ, ಹೂಮಾಲೆ ಅಂದುಕೊಂಡಿದ್ದೆ. ಪೆಟ್ರೋಲ್ ಪಂಪಿನ ನಲ್ಲಿಯಲ್ಲಿ ಮುಖ ತೊಳೆದು, ಜೀಪಿನ ಬಾನೆಟ್ಟಿನ ಮೇಲೆ ಗಿಟಾರಿನ ತಂತಿ ಬದಲಿಸಿ, ಭಜಿ ಕಟ್ಟಿದ ಕಾಗದದ ಮೇಲೆ ಹಾಡಿನ ಸಾಲು ತಿದ್ದುವುದು ಅಂತ ಯಾರು ಹೇಳಿದ್ದರು?

ಶನಿವಾರ ನಿಲಂಗಾ. ಲಗ್ನಗಳು ನಡೆಯುವ ಒಂದು ಮಂಗಲ ಕಾರ್ಯಾಲಯ. ಒಂಬತ್ತು ಹಾಡು. ಚಪ್ಪಾಳೆ ಸೊನ್ನೆ.

"ಕಾಯ್ ಝಾಲಂ ಕಾಕಾ, ಏನಾಯಿತು? ಇವರಿಗೆ ನಮ್ಮ ಮೇಲೆ ಸಿಟ್ಟೇನು?" ಎಂದು ಸಮೀರ ಮರಾಠಿಯಲ್ಲಿ ಕೇಳುತ್ತಿರುವಾಗಲೇ ಸಭೆಯಿಂದ ಒಬ್ಬ ಮುದುಕ ಎದ್ದು ವೇದಿಕೆಗೆ ಬಂದ. ಹೆಗಲ ಮೇಲೆ ಕರಿ ಕಂಬಳಿ, ಹಣೆಗೆ ಭಂಡಾರದ ಅರಿಶಿನ, ಕೈಯಲ್ಲೊಂದು ಬಟ್ಟೆಯ ಚೀಲ. ಹೆಸರು ಮಾಳಪ್ಪ; ಎಲ್ಲರಿಗೂ ಮುತ್ಯಾ, ಅಂದರೆ ಅಜ್ಜ. ಪಕ್ಕದ ಹಳ್ಳಿಯವನು. ಕುರಿ ಕಾಯುವವನು, ಬೀರಪ್ಪನ ಭಕ್ತ, ಊರಿನ ಭಜನಿ ಮೇಳದ ಮುಂದಾಳು.

"ಯವ್ವಾ, ದನಿ ಭಾಳ ಛಲೋ ಅದ," ಅಂದ. "ಖರೆ, ಒಂದ್ ಪದಾನೂ ಮುಗಸಲಿಲ್ಲಲ್ಲ. ಒಂಬತ್ತು ಸುರು ಮಾಡ್ದಿ, ಒಂಬತ್ತೂ ಹಾದ್ಯಾಗ ಬಿಟ್ಟಿ. ಯಾಕ, ಗಂಟಲಾ ಕಟ್ಟಿತ್ತೇನು?"

"ಎಲ್ಲಾ ಪೂರಾ ಹಾಡೀನಲ್ಲ ಮುತ್ಯಾ!"

"ಪೂರಾ? ಮತ್ತ ಹೆಸರ ಎಲ್ಲಿ ಅದ?"

ನನ್ನ ತಲೆಯೊಳಗೆ ಬೆಳಕು ಬಿತ್ತು. ಬೆಳಕಿನ ಜೊತೆಗೆ ನಾಚಿಕೆಯೂ ಬಂತು. ಏಕೆಂದರೆ ತಪ್ಪು ಮ್ಯಾನೇಜರನದು.

ಕಾರ್ಯಕ್ರಮದ ಕರೆಯೋಲೆ ಬರೆದವನು ನಾನು. ಇಂಡೀ ರಾಕ್ ಅಂತ ಬರೆದರೆ ಯಾರು ಬರುತ್ತಾರೆ? 'ಕನ್ನಡ ಪದಗಳ ಕಾರ್ಯಕ್ರಮ, ಎಲ್ಲರೂ ಬರಬೇಕು' ಎಂದು ಬರೆದು ಗೊತ್ತಿದ್ದ ಭಜನಿ ಮೇಳಗಳ ವಾಟ್ಸಾಪಿಗೆ ಹಾಕಿದ್ದೆ. ಪೇಟೆಯಲ್ಲೂ ಕಚೇರಿಯಲ್ಲೂ ಮರಾಠಿಯೇ ನಡೆಯುವ ನಮ್ಮ ಊರುಗಳಲ್ಲಿ ಕನ್ನಡದ ಪದ ಅಂದರೆ ಭಜನಿಯ ಪದ. ಮೂರೂ ಊರಿಗೆ ಭಜನಿಯವರೇ ಬರುವಂತೆ ಮಾಡಿದ್ದೆ. ಭಜನಿಯ ಪದಕ್ಕೆ ಒಂದು ಕಟ್ಟಳೆ ಉಂಟು. ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರೋ, ಅವರ ಗುರುವಿನ ಹೆಸರೋ, ಊರ ದೇವರ ಹೆಸರೋ ಬರಬೇಕು. ಅದಕ್ಕೇ ಅಂಕಿತ ಅನ್ನುವುದು. ಅಂಕಿತ ಬಂದರೆ ಪದ ಮುಗಿಯಿತು. ಬರುವ ತನಕ ಏಳುವಂತಿಲ್ಲ. ಎದ್ದರೆ ಪದಕ್ಕೆ ಅವಮಾನ. ಪಾಪ, ಉಮರ್ಗಾದ ಎಂಬತ್ತು ಮಂದಿ ಒಂಬತ್ತು ಸಲ ಹೆಸರಿಗಾಗಿ ಕಾದಿದ್ದರು!

ದಾನವ್ವ ಮಾತ್ರ ಒಪ್ಪಲಿಲ್ಲ. "ಮುತ್ಯಾ, ಹೆಸರು ಪೋಸ್ಟರ್ ಮ್ಯಾಲ ಅದ ನೋಡ್ರಿ. ಹಾಡಿನಾಗೂ ನಂದೇ ಹೆಸರು ತುರಕೋದು ಅಂದ್ರ ಸೆಲ್ಫಿ ತಕ್ಕೊಂಡಂಗ ಆಗ್ತದ. ಹಾಡು ಎಲ್ಲಾರ್ದೂ ಇರಬೇಕು. 'ಇದು ನಂದು, ಇದು ನಂದು' ಅಂತ ಯಾಕ ಒದರಬೇಕು?"

ಮಾಳಪ್ಪ ಮುತ್ಯಾ ಕಂಬಳಿ ಸರಿಮಾಡಿಕೊಂಡ.

"ತಂಗೀ, ಕುರಿ ಬೆನ್ನಿಗಿ ಬಣ್ಣದ ಗುರ್ತ ಹಾಕ್ತೀವಿ, ನೋಡಿದ್ಯಾ?"

"ನೋಡೀನಿ."

"ಯಾಕ ಹಾಕ್ತೀವಿ?"

"ನಿಮ್ಮವು ಅಂತ ಗೊತ್ತಾಗ್ಲಿ ಅಂತ."

"ನಮಗ ಗೊತ್ತಿಲ್ಲೇನು ಹುಚ್ಚೀ? ನಮ್ಮ ಕುರಿ ಮುಖ ನಮಗ ಗೊತ್ತಿರ್ತದ. ಗುರ್ತ ನಮ್ಮ ಸಲುವಾಗಿ ಅಲ್ಲ. ಅದು ಹಾದಿ ತಪ್ಪಿ ಮಂದಿ ಹಿಂಡಿನಾಗ ಕೂಡ್ತದ ನೋಡು, ಆಗ ಯಾರರೆ ಗುರ್ತ ನೋಡಿ 'ಇದು ಮಾಳ್ಯಾನ ಮನಿದು' ಅಂತ ತಂದು ಬಿಡಲಿ ಅಂತ. ಪೋಸ್ಟರ್ ಗ್ವಾಡಿ ಮ್ಯಾಲೇ ಉಳೀತದ. ಪದ ಮಂದಿ ಬಾಯಾಗ ಹೋಗ್ತದ. ಹೋದದ್ದು ತಿರುಗಿ ಮನಿಗಿ ಬರೋದು ಬ್ಯಾಡೇನು?"

ಅಷ್ಟು ಹೇಳಿ, ಬಸ್ ಹೋಗ್ತದ ಅಂತ ಹೊರಟೇಬಿಟ್ಟ. ದೊಡ್ಡ ಮಾತು ಆಡಿದವರಿಗೆ ಬಸ್ಸಿನ ಗಡಿಬಿಡಿ ಯಾಕೆ ಇರುತ್ತದೋ!

ಭಾನುವಾರ ಉದಗೀರದ ದಾರಿ. ನಾನು ನನ್ನ ಮೊಬೈಲು ನೋಡುತ್ತ ಕೂತೆ. ಆ ಬೆಳಿಗ್ಗೆ ಬಂದಿದ್ದ ಹದಿನಾಲ್ಕು ಸುವಿಚಾರ, ಮೂರು ಮನೆಮದ್ದು, ಎರಡು ಕವಿತೆ. ಯಾರು ಬರೆದದ್ದು? ಯಾರಿಗೂ ಗೊತ್ತಿಲ್ಲ. ಹಿಂಡುಗಟ್ಟಲೆ ಬರುತ್ತವೆ, ಯಾವುದರ ಬೆನ್ನ ಮೇಲೂ ಬಣ್ಣವಿಲ್ಲ. ನಾವೂ ಅವುಗಳನ್ನು ಮುಂದಿನ ಹಿಂಡಿಗೆ ಅಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಬರೆದವನ ಮನೆಗೆ ಅದು ಒಂದು ದಿನವಾದರೂ ಹಿಂದಿರುಗೀತೇ? ನನ್ನ ಹದ್ದಿನ ಕಲ್ಲುಗಳ ನೆನಪೂ ಆಯಿತು. ಪಕ್ಕದವನನ್ನು ಹೊರಗಿಡಲು ಅವನ್ನು ನೆಡುತ್ತಿದ್ದೇನೆ ಎಂದುಕೊಂಡೇ ಮೂವತ್ತು ವರ್ಷ ನೆಟ್ಟೆ. ಹೊಲದವನು ತನ್ನ ಹೊಲ ತಾನು ಗುರುತಿಸಲಿ ಎಂದೂ ಇರಬಹುದು ಅಂತ ನಿವೃತ್ತಿಯ ನಂತರ ಹೊಳೆಯಿತು. (ಜ್ಞಾನೋದಯ ಪಿಂಚಣಿಯ ಜೊತೆಗೇ ಬರುತ್ತದೆ, ಅದೂ ತಡವಾಗಿ.)

ಚಹಾಕ್ಕೆ ನಿಂತಾಗ ಅವಳು ಕೇಳಿದಳು: "ಮಾಮಾ, ನಂಗ ಅಜ್ಜಿ ಹೆಸರೇ ಯಾಕ ಇಟ್ರಿ?"

"ಯಾರ ಪೈಕಿ ಅಂತ ಮಂದಿ ಕೇಳಿದ್ರ ಹೇಳ್ಲಿಕ್ಕ ಬರ್ಲಿ ಅಂತ."

"ಅಂದ್ರ ಗುರ್ತ."

"ಹಂಗೇ ಅನ್ನು."

ಅವಳು ಭಜಿಯ ಕಾಗದ ಬಿಡಿಸಿ ಪೆನ್ನು ಕೇಳಿದಳು. ಸಮೀರ ಕೊಟ್ಟ. ನಾನು ಮ್ಯಾನೇಜರನ ಗಾಂಭೀರ್ಯದಿಂದ ಇನ್ನೊಂದು ಪ್ಲೇಟ್ ಭಜಿ ಹೇಳಿದೆ. ಕಾಗದ ಸಾಲದೆ ಹೋದರೆ?

ಉದಗೀರದಲ್ಲಿ ಕಾರ್ಯಕ್ರಮ ಐದು ಗಂಟೆಗೆ, ಕೋಟೆಯ ಕಡೆಗಿನ ಒಂದು ಸಭಾಗೃಹದಲ್ಲಿ. ಮೊದಲ ಸಾಲಿನಲ್ಲಿ ಯಾರು ಕೂತಿರಬೇಕು? ಮಾಳಪ್ಪ ಮುತ್ಯಾ! ಮೇಳದ ನಾಲ್ವರನ್ನು ಕಟ್ಟಿಕೊಂಡು ಎಸ್‌ಟಿ ಬಸ್ಸಿನಲ್ಲಿ ಬಂದಿದ್ದ. "ನಿಲಂಗಾದಾಗ ಅರ್ಧಾ ಕೇಳೀನಿ, ಉಳದದ್ದು ಕೇಳ್ಲಿಕ್ಕ ಬಂದೀನ್ರೀ ಸಾಹೇಬ್ರ," ಅಂದ.

ದಾನವ್ವ ಹಾಡಿದಳು. ಊರೂರು ತಿರುಗುವ ಮಗಳು ಅವ್ವನಿಗೆ ಬಾಗಿಲು ತೆರೆದಿಡು ಅನ್ನುವ ಹಾಡು. ಹಿಂದಿನ ಎರಡು ದಿನ ಹಾಡು ನಿಂತ ಜಾಗಕ್ಕೆ ಬಂದಳು. ಎಲ್ಲರೂ ಮುಂದಕ್ಕೆ ಬಾಗಿದರು. ನನ್ನ ಉಸಿರು ಸಭಾಗೃಹದ ಸೂರಿಗೆ ಹೋಗಿ ಕೂತಿತು. ಅವಳು ಕಣ್ಣು ಮುಚ್ಚಿ, ಭಜಿಯ ಎಣ್ಣೆ ಹತ್ತಿದ ಆ ಹೊಸ ಸಾಲು ಹಾಡಿದಳು:

ಊರೂರು ತಿರುಗೇನಿ, ಹಾದಿ ಮರತಿಲ್ಲ
ಬಾಗಲಾ ತೆರದಿಡು ಅಂದಾಳ ಮಾಕಣಿ ದಾನವ್ವ

"ಹಾಂ!" ಎಂದ ಮಾಳಪ್ಪ ಮುತ್ಯಾ. ಆ 'ಹಾಂ'ನಲ್ಲಿ ನಿಲಂಗಾದಿಂದ ಬಾಕಿ ಉಳಿದ ನೆಮ್ಮದಿ ಇತ್ತು.

ಚಪ್ಪಾಳೆ? ಈಗಲೂ ಬೀಳಲಿಲ್ಲ. ಕೈ ಖಾಲಿ ಇರಲಿಲ್ಲ ಅಷ್ಟೆ. ಮುತ್ಯಾನ ಬಟ್ಟೆಯ ಚೀಲದಿಂದ ತಾಳ ಹೊರಬಂದಿತ್ತು. ಅವನ ಹಿಂದೆ ಇನ್ನೂ ಹತ್ತು ಚೀಲಗಳು ಬಿಚ್ಚಿಕೊಂಡವು. ಮೂರು ದಿನವೂ ಮಂದಿ ತಾಳ ತಂದೇ ಇದ್ದರು ಕಾಣುತ್ತದೆ. ಹೆಸರು ಬಾರದೆ ತೆಗೆದಿರಲಿಲ್ಲ. ಇಡೀ ಸಭೆ ಪಲ್ಲವಿ ಎತ್ತಿಕೊಂಡಿತು, 'ಬಾಗಲಾ ತೆರದಿಡು ಅವ್ವಾ' ಅಂತ. ಅವಳು ಹಾಡಿದ್ದಕ್ಕಿಂತ ಒಂದೂವರೆ ಪಟ್ಟು ವೇಗದಲ್ಲಿ! ಸಮೀರ ಗಾಬರಿಯಾಗಿ ನನ್ನನ್ನು ನೋಡಿದ. ನಾನೇನು ಮಾಡಲಿ, ನಾನು ಮ್ಯಾನೇಜರ್. ಓಡು ಅಂತ ಕೈಸನ್ನೆ ಮಾಡಿದೆ. ಓಡಿದ.

ನಾಲ್ಕು ನಿಮಿಷದ ಹಾಡು ಹನ್ನೊಂದು ನಿಮಿಷ ನಡೆಯಿತು. ಒಂಬತ್ತರಲ್ಲಿ ನಾಲ್ಕೇ ಹಾಡು ಆಗುವಷ್ಟರಲ್ಲಿ ಸಭಾಗೃಹದ ಸಮಯ ಮುಗಿಯಿತು. ಎರಡು ದಿನ ಮುಗಿಯದ ಹಾಡುಗಳಾಗಿದ್ದವು. ಈಗ ಮುಗಿಸಲು ಬಿಡದ ಹಾಡುಗಳಾದವು.

ಸಾಮಾನು ಜೀಪಿಗೆ ಹಾಕುವಾಗ ಸೊಲ್ಲಾಪುರದಿಂದ ಫೋನು ಬಂತು.

"ನಮಸ್ಕಾರ್ರೀ ಸರ್, ನಾ ದಾನವ್ವ ಮಾತಾಡ್ಲಕತ್ತೀನಿ."

ಆ ಕಡೆಯವನು 'ಯಾವ ದಾನವ್ವ?' ಅಂದಿರಬೇಕು.

"ಮಾಕಣಿ ದಾನವ್ವ ರೀ. ಆರ್ಕೆಸ್ಟ್ರಾಕ್ಕ ಬರಾಂಗಿಲ್ರೀ. ತಪ್ಪ ತಿಳಕೋಬ್ಯಾಡ್ರಿ."

ಮೂಗು ಕೆಂಪಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ.

ಮುಂದಿನ ತಿಂಗಳು ಎಲ್ಲಿ ಹಾಡುತ್ತಾಳೆ? ಗೊತ್ತಿಲ್ಲ. ಎಷ್ಟು ಮಂದಿ ಬರುತ್ತಾರೆ? ಅದೂ ಗೊತ್ತಿಲ್ಲ. ಮಾಳಪ್ಪ ಮುತ್ಯಾ ಮಾತ್ರ ತನ್ನ ಹಳ್ಳಿಗೆ ಕರೆದಿದ್ದಾನೆ, ಉಳಿದ ಐದು ಹಾಡನ್ನೂ ಮುಗಿಸಿಕೊಂಡು ಬಾ ಎಂಬ ಕರಾರಿನ ಮೇಲೆ.

ಮೊನ್ನೆ ಬುಧವಾರ ಉದಗೀರದ ಕಾಳಿನ ಬಜಾರಿಗೆ ತೊಗರಿ ತರಲು ಹೋಗಿದ್ದೆ. ಲಾರಿಗೆ ಚೀಲ ಏರಿಸುತ್ತಿದ್ದ ಹಮಾಲನೊಬ್ಬ ಗುನುಗುತ್ತಿದ್ದ. ಕಿವಿಗೊಟ್ಟೆ. ರಾಗ ಅವನದೇ. ಮಾತು ಅರ್ಧ ಅವನದು; ಅವ್ವ ಹೋಗಿ ಹೆಂಡತಿ ಬಂದಿದ್ದಳು, ಹಾದಿಯ ಜಾಗದಲ್ಲಿ ಲಾರಿ ನಿಂತಿತ್ತು. ಆದರೆ ಚೀಲ ಲಾರಿಯ ಮೇಲೆ ಕೂರುವ ಹೊತ್ತಿಗೆ ಸರಿಯಾಗಿ, 'ಅಂದಾಳ ಮಾಕಣಿ ದಾನವ್ವ!'

"ಯಾರದಪಾ ಈ ಪದ?"

"ಯಾರದಂದ್ರ? ಹೆಸರ ಕೇಳ್ಲಿಲ್ಲೇನ್ರೀ? ಮಾಕಣಿ ದಾನವ್ವಂದು. ನಮ್ಮ ಕಾಕಾ ಕೇಳಿ ಬಂದಾನ. ಹಿಂದಿನ ಕಾಲದಾಕಿ ಇರಬೇಕು."

ಬಜಾರಿನಿಂದಲೇ ಅವಳಿಗೆ ಫೋನು ಮಾಡಿದೆ. ಇಪ್ಪತ್ತೇಳಕ್ಕೇ ಹಿಂದಿನ ಕಾಲದವಳಾದ ಸುದ್ದಿ ಕೇಳಿ ನಕ್ಕಳು. ರಾಗ ಪೂರಾ ಕೆಡಿಸಿದ್ದಾನೆ ಎಂದು ದೂರು ಹೇಳಿದೆ.

"ಹೌದಾ? ಹ್ಯಾಂಗ ಕೆಡಸ್ಯಾನ? ಹಾಡಿ ತೋರ್ಸು ಮಾಮಾ."

ತೊಗರಿ ಚೀಲಗಳ ನಡುವೆ ನಿಂತು, ಅರವತ್ತೆರಡರ ಹರೆಯದಲ್ಲಿ, ಜೀವನದಲ್ಲಿ ಮೊದಲ ಸಲ ಹಾಡಿದೆ. ಆ ಕಡೆಯಿಂದ ಗಿಟಾರು ಕೇಳಿಸಿತು. "ಮಾಮಾ, ಇದು ನಂದಕ್ಕಿಂತ ಛಲೋ ಅದಲ್ಲೋ! ಇನ್ನೊಂದ್ ಸಲ ಹಾಡು. ಮುಂದಿನ ಆಲ್ಬಮ್‌ನಾಗ ಹಿಂಗೇ ಹಾಡ್ತೀನಿ."

ಹಾದಿ ತಪ್ಪಿದ ಕುರಿ ಗುರುತಿನಿಂದ ಮನೆಗೆ ಬಂತು, ಸರಿ. ಜೊತೆಗೆ ಒಂದು ಮರಿಯನ್ನೂ ಕರೆತಂದಿದೆಯಲ್ಲ, ಅದರ ಬೆನ್ನಿಗೆ ಯಾರ ಬಣ್ಣ ಹಾಕೋಣ, ಮುತ್ಯಾ?