ಪೋಲೆಂಡಿನವರಿಗೆ ಮೂರು ಎಲೆ

ಹೋದ ವಾರ ದೇವನಹಳ್ಳಿಯ ದೊಡ್ಡ ಹೋಟೆಲೊಂದರ ಹಿಂಬದಿಯಲ್ಲಿ ಕ್ಯಾಬ್ ನಿಲ್ಲಿಸಿಕೊಂಡು ಗಿರಾಕಿಗೆ ಕಾಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಬೆಂದ ಎಲೆಕೋಸಿನ ವಾಸನೆ ಬಂತು. ಒಗ್ಗರಣೆ ಇಲ್ಲ, ಇಂಗಿಲ್ಲ, ಬರೀ ನೀರಲ್ಲಿ ಬೆಂದ ಕೋಸು. ಪಕ್ಕದ ಡ್ರೈವರ್ ಮೂಗು ಮುಚ್ಚಿಕೊಂಡ. ನಾನು ಗಾಜು ಪೂರ್ತಿ ಇಳಿಸಿದೆ. ಅದು ನಮ್ಮ ಬೀದಿಯ ಮಿಲ್ಟ್ರಿ ತಾತನ ಮನೆಯ ಪಿತೃಪಕ್ಷದ ವಾಸನೆ...

ತಾತ ಎಂದರೆ ನನ್ನ ಸ್ವಂತ ತಾತನಲ್ಲ, ಎದುರು ಮನೆಯವರು. ಮಹಾಯುದ್ಧದ ಕಾಲದಲ್ಲಿ ಇಟಲಿಗೆ ಹೋಗಿಬಂದಿದ್ದರು. ಬಂದೂಕು ಹಿಡಿದಲ್ಲ, ಹೇಸರಗತ್ತೆಯ ಹಗ್ಗ ಹಿಡಿದು. ಲಾರಿ ಹತ್ತದ ಗುಡ್ಡಕ್ಕೆ ಊಟ, ನೀರು, ಮದ್ದುಗುಂಡು ಹೊರಿಸಿಕೊಂಡು ಹೋಗುವುದು ಅವರ ಕೆಲಸವಾಗಿತ್ತು. "ನಂದಿಬೆಟ್ಟ ಕಂಡಿದ್ಯಲ್ಲ? ಅದನ್ನ ಬೋಳಿಸಿ, ಮೇಲೊಂದು ಮಠ ಇಟ್ಟು, ಮಠಕ್ಕೆ ಬಾಂಬ್ ಹಾಕಿದ್ರೆ ಹೆಂಗಿರ್ತದೆ, ಹಂಗಿತ್ತು" ಎನ್ನುತ್ತಿದ್ದರು.

ನಾನಾಗ ಪಿಯುಸಿ. ಓದಿನಲ್ಲಿ ಅಷ್ಟಕ್ಕಷ್ಟೆ, ಮಿಮಿಕ್ರಿಯಲ್ಲಿ ಬೀದಿಗೇ ಫಸ್ಟ್. ಪ್ರಿನ್ಸಿಪಾಲರ ಕೆಮ್ಮು, ಹಾಲಿನ ಡೈರಿ ಸೆಕ್ರೆಟರಿಯ ಮೂಗುಮಾತು, ನಮ್ಮಪ್ಪ ಬೈಯುವ ರಾಗ, ಬೈಸಿಕೊಂಡ ಮೇಲೆ ನಾನು ಅಳುವ ರಾಗ, ಯಾವುದನ್ನೂ ಬಿಟ್ಟವನಲ್ಲ. ತಾತನದು ಗಂಟಲ ತಳದಲ್ಲಿ ಜಲ್ಲಿ ತುಂಬಿದಂಥ ದನಿ. ಮಾತಿನ ಕೊನೆಗೆ ಕತ್ತೆ ನಿಲ್ಲಿಸುವವರಂತೆ ಒಂದು "ಹೋ". ಒಮ್ಮೆ ಅವರ ಜಗಲಿಯಲ್ಲಿ ಕೂತು "ಕಾಫಿ ಕೊಡವ್ವಾ... ಹೋ" ಎಂದೆ. ಸೊಸೆ ಟೀವಿ ಬಿಟ್ಟು ಎದ್ದು ಕಾಫಿ ತಂದರು. ಕುಡಿದದ್ದು ನಾನು.

ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಎಡೆ ಹಾಕುತ್ತೇವೆ. ಮುದ್ದೆ, ಬಾಡಿನ ಸಾರು, ಬೀಡಿ, ಬೇಕಿದ್ದವರಿಗೆ ಕ್ವಾರ್ಟರ್ ಬಾಟಲಿ, ಹೀಗೆ ಅವರವರಿಗೆ ಇಷ್ಟವಾದದ್ದನ್ನು ಬಾಳೆ ಎಲೆಯ ಮೇಲಿಟ್ಟು, ಮನೆಯ ಯಜಮಾನ ಅವರ ಹೆಸರು ಹಿಡಿದು ಕರೆಯಬೇಕು. ಆಮೇಲೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚಬೇಕು, ಹೋದವರು ಸಂಕೋಚವಿಲ್ಲದೆ ಉಣ್ಣಲಿ ಅಂತ. ತಾತನ ಮನೆಯಲ್ಲಿ ಹಿರಿಯರ ಎಲೆಗಳ ಪಕ್ಕ ಇನ್ನೂ ಮೂರು ಎಲೆ ಬೀಳುತ್ತಿದ್ದವು. ಅವಕ್ಕೆ ಬೆಂದ ಕೋಸು, ಬೂದಿಯಲ್ಲಿ ಸುಟ್ಟ ಆಲೂಗಡ್ಡೆ, ಒಂದೊಂದು ಸಿಗರೇಟು. ತಮ್ಮ ಅಪ್ಪ ಅವ್ವನನ್ನು ಕರೆದ ಮೇಲೆ ತಾತ ಅದೇ ಜಲ್ಲಿ ದನಿಯಲ್ಲಿ ಕರೆಯುತ್ತಿದ್ದರು: "ಯಾನೆಕ್, ಬಾರಪ್ಪಾ. ಸ್ಟಾಶೆಕ್, ಬಾರಪ್ಪಾ. ತಾದೆಕ್, ಬಾರಪ್ಪಾ. ಬಿಸಿ ಇದ್ದಾಗ್ಲೇ ಉಣ್ಣಿ."

ಆ ವರ್ಷ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ನಿಂತಿದ್ದಾಗ ನಾನು ಹಿತ್ತಿಲ ಕಿಟಕಿಗೆ ಹೋಗಿ, ಬಿಳಿಯರ ದನಿ ಮಾಡಿ ಕೂಗಿಬಿಟ್ಟೆ. "ತಾತಾ, ಕೋಸು ಸಪ್ಪೆ! ಉಪ್ಪು ಕಳ್ಸು!"

ಜಗಲಿ ತುಂಬ ನಗು. ತಾತ ನಗಲಿಲ್ಲ. ಬಾಗಿಲು ತೆಗೆದು ಆ ಮೂರು ಎಲೆಗಳ ಮುಂದೆ ಕೂತರು. ಊಟಕ್ಕೆ ಕರೆದರೆ ಏಳಲಿಲ್ಲ. ಸಂಜೆ ನನಗೆ ಹೇಳಿಕಳಿಸಿದರು. ನಾನು ಬೆನ್ನು ಗಟ್ಟಿ ಮಾಡಿಕೊಂಡು ಹೋದೆ.

ಹೊಡೆಯಲಿಲ್ಲ. ಆ ಮೂವರು ಪೋಲೆಂಡಿನ ಸಿಪಾಯಿಗಳು ಎಂದರು. ಅವರ ದೇಶವನ್ನು ಅಕ್ಕಪಕ್ಕದ ಇಬ್ಬರು ಹಂಚಿಕೊಂಡು ನುಂಗಿದ್ದರಂತೆ. ಊರು ಕಳೆದುಕೊಂಡವರು ಯಾವುದೋ ದೇಶದ ಗುಡ್ಡಕ್ಕೆ ಬಂದು ಕಾದಾಡುತ್ತಿದ್ದರು. ತಮ್ಮ ಪಾಲಿನ ಸಕ್ಕರೆಯನ್ನು ತಾತನ ಕತ್ತೆಗೆ ತಿನ್ನಿಸುತ್ತಿದ್ದರು. ಮುನ್ನುಗ್ಗುವ ಹಿಂದಿನ ದಿನ ಸನ್ನೆ ಮಾಡಿ ಕೇಳಿದ್ದರಂತೆ: ನಾಳೆ ಡಬ್ಬಿ ಊಟ ಬೇಡ, ಬಿಸಿ ಕೋಸು, ಆಲೂಗಡ್ಡೆ ತಾ.

"ತಗೊಂಡ್ಹೋದೆ ಕಣೋ. ಕಂಬಳಿ ಸುತ್ತಿ ಬಿಸಿಬಿಸೀನೇ ತಗೊಂಡ್ಹೋದೆ. ಉಣ್ಣೋರೇ ಇರ್ಲಿಲ್ಲ. ಅದೇ ಕತ್ತೆ ಮೇಲೆ ಒಬ್ಬೊಬ್ರನ್ನೇ ಇಳಿಸ್ಕೊಂಡು ಬಂದೆ, ಮೂರು ಸಲ..." ಮೂರು ಬೆರಳು ಎತ್ತಿ, ಒಂದೊಂದಾಗಿ ಮಡಚಿದರು. "ಅವ್ರ ಊರಲ್ಲಿ ಹೆಸ್ರು ಹಿಡ್ದು ಕರೆಯೋರು ಉಳಿದವ್ರೋ ಇಲ್ವೋ. ಕರೀದೆ ಇದ್ರೆ ಹೆಂಗ್ಲಾ ಬರ್ತಾರೆ?"

ಎರಡು ಬಾರಿಸಿದ್ದರೆ ವಾಸಿಯಿತ್ತು.

ಎರಡು ವರ್ಷದ ಮೇಲೆ ತಾತನಿಗೆ ಲಕ್ವ ಹೊಡೆಯಿತು. ಬಲಗೈಯೂ ಮಾತೂ ಒಟ್ಟಿಗೇ ಹೋದವು. ಪಕ್ಷ ಬಂದಾಗ ಅವರ ಮಗ ಮೆಲ್ಲಗೆ ಹೇಳಿದರು, "ಮನೆ ಹಿರೀಕರ್ನ ನಾನು ಕರೀತೀನಪ್ಪ. ಆ ಮೂರೆಲೆ ಈ ವರ್ಷ ಬ್ಯಾಡ. ಕಂಡಿಲ್ದೋರ್ನ ನಾನು ಕರೆದು, ಇನ್ಯಾವನೋ ಬಂದು ಕೂತ್ಕೊಂಡ್ರೆ?"

ತಾತ ಎಡಗೈಯಿಂದ ಕಾಫಿ ಲೋಟ ದೂಡಿದರು. ನೀರನ್ನೂ ಮುಟ್ಟಲಿಲ್ಲ. ತೊಂಬತ್ತರ ಹತ್ತಿರದ ಜೀವ, ಮಧ್ಯಾಹ್ನದವರೆಗೂ ಹಾಗೇ ಕೂತಿತ್ತು. ಸೊಸೆಯೇ ಕೊನೆಗೆ ಮೂರು ಎಲೆ ಹಾಸಿ ಬಡಿಸಿದರು, ಕರೆಯುವವರಿಲ್ಲ. ಆಗ ತಾತನ ಕಣ್ಣು ಬಾಗಿಲಲ್ಲಿ ನಿಂತಿದ್ದ ನನ್ನ ಮೇಲೆ ಬಿತ್ತು. ಎಡಗೈ ನನ್ನನ್ನು ತೋರಿಸಿತು, ಆಮೇಲೆ ತಮ್ಮ ಗಂಟಲು ಮುಟ್ಟಿತು.

ಮಿಮಿಕ್ರಿ ಮಾಡಲು ಹೆದರಿದ್ದು ಜೀವನದಲ್ಲಿ ಅದೇ ಮೊದಲು. ಒಮ್ಮೆ ಊಟದ ನಡುವೆ ನಾನು ಅಣಕಿಸಿದ್ದ ಆ ಮೂವರನ್ನೇ ಈಗ ಊಟಕ್ಕೆ ಕರೆಯಬೇಕಿತ್ತು. ಗಂಟಲಿಗೆ ಜಲ್ಲಿ ತುಂಬಿಕೊಂಡೆ. "ಯಾನೆಕ್, ಬಾರಪ್ಪಾ..."

ಮಾವನಿಗೆ ಮಾತು ಬಂತೆಂದು ಸೊಸೆ ಅಡುಗೆಮನೆಯಿಂದ ಓಡಿಬಂದರು. ಯಾರೂ ನಗಲಿಲ್ಲ. ತಾತನ ತುಟಿ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ಮೂರನೆಯ ಹೆಸರಿಗೆ ನನ್ನ ದನಿ ಕುಸಿಯಿತು; ತಾತ ನೆಲ ತಟ್ಟಿದರು, ಏರಿನಲ್ಲಿ ನಿಂತುಬಿಟ್ಟ ಕತ್ತೆಯನ್ನು ಹೊರಡಿಸುವವರಂತೆ. ಹೊರಟೆ, ಮುಗಿಸಿದೆ. ಬಾಗಿಲು ತೆಗೆದ ಮೇಲೆ ತಾತ ಅದೇ ಸಪ್ಪೆ ಕೋಸನ್ನು ನಾಲ್ಕು ತುತ್ತು ಉಂಡರು.

ಮುಂದಿನ ಪಕ್ಷದ ಹೊತ್ತಿಗೆ ತಾತನಿಗೂ ಒಂದು ಎಲೆ ಹಾಕಬೇಕಾಯಿತು.

ಅಂದಿನಿಂದ ಕರೆಯುವ ಕೆಲಸ ನನ್ನದೇ. ಎಷ್ಟೇ ಬುಕಿಂಗ್ ಇರಲಿ, ಆ ಮಧ್ಯಾಹ್ನ ಆ್ಯಪ್ ಆಫ್. ತಾತನ ದನಿಯಲ್ಲಿ ತಾತನನ್ನೇ ಕರೆದರೆ ಅವರೇ ತಬ್ಬಿಬ್ಬಾಗುತ್ತಾರೇನೋ ಎಂದು ನಾನೇ ತಮಾಷೆ ಮಾಡಿಕೊಳ್ಳುತ್ತಿದ್ದೆ. ಮೊನ್ನೆಯ ಪಕ್ಷದಲ್ಲಿ ಮಾತ್ರ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರೆ ಬಂದದ್ದು ಅವರ ದನಿಯಲ್ಲ. ನಾನು ಎಂದೋ ಮಾಡುತ್ತಿದ್ದ ನಕಲಿನ ನಕಲು. ಅಸಲು ಯಾವ ವರ್ಷ ಜಾರಿಹೋಯಿತೋ... ಯಾವ ಫೋನಿನಲ್ಲೂ ಹಿಡಿದಿಟ್ಟಿರಲಿಲ್ಲ.

ನಿಲ್ಲಿಸಿದೆ. ಮತ್ತೆ ಮೊದಲಿನಿಂದ, ನನ್ನದೇ ದನಿಯಲ್ಲಿ, ನಾಲ್ವರನ್ನೂ ಕರೆದೆ.

"ಯಾರ್ಲಾ ಅದು ಕರೆದಿದ್ದು?" ಸೊಸೆ ಒಳಗಿನಿಂದ ಕೇಳಿದರು.

"ನಾನೇ ಕಣಕ್ಕಾ."

"ನಿನ್ ದನೀನಾ? ಇಷ್ಟು ವರ್ಷ್ದಲ್ಲಿ ಒಂದ್ ದಿನಾನೂ ಕೇಳಿರ್ಲಿಲ್ವಲ್ಲೋ!"

ಬಾಗಿಲು ಮುಚ್ಚಿ ಹೊರಗೆ ನಿಂತೆವು. ತಾತನ ದನಿ ಇನ್ನು ಯಾರ ಹತ್ತಿರವೂ ಇಲ್ಲ. ಹೆಸರುಗಳು ನನ್ನ ಹತ್ತಿರ ಇವೆ. ಅವು ತಪ್ಪುವುದಿಲ್ಲ.